ಮೋಲಿ ಪುಡಿ ಜಾರಿಸಿದವರು

ಕೆಲವರ ಕೆಲಸದಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ ಹೆಚ್ಚು. ನನ್ನ ಕೆಲಸದಲ್ಲಿ ಒಂದು ತಿಂಗಳು ಏನೂ ನಡೆಯದೆ ಹೋದರೆ ನನಗೇ ಅನುಮಾನ ಶುರುವಾಗುತ್ತದೆ, ಈ ಸಲದ ಮಾಲು ಸರಿ ಇಲ್ಲವೋ ಏನೋ ಅಂತ.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಂಪನಿಯ ಕೆಮಿಸ್ಟ್. ಮಾಲು ಮಾಡಿಸುವುದು, ಪರೀಕ್ಷೆ ಮಾಡುವುದು, ಗಿರಾಕಿಗೆ ಸಿಟ್ಟು ಬಂದರೆ ಹೋಗಿ ಬೈಸಿಕೊಂಡು ಬರುವುದು, ಮೂರೂ ನನ್ನ ಪಾಲಿಗೇ. ಉಡುಪಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಮ್ಮ ಮಾಲಿನ ಪೂರ್ತಿ ಹೆಸರು ಮಾಲಿಬ್ಡಿನಮ್ ಡೈಸಲ್ಫೈಡ್ ನ್ಯಾನೋಪೌಡರ್. ಇದನ್ನು ತಡವರಿಸದೆ ಹೇಳಿದ ಗಿರಾಕಿಯನ್ನು ನಾನು ಇನ್ನೂ ಕಂಡಿಲ್ಲ. ಹಾಗಾಗಿ ಪೇಟೆಯಲ್ಲಿ ಎಲ್ಲರಿಗೂ ಅದು ಬರೀ 'ಮೋಲಿ'.

ನೋಡಲು ಬೂದುಗಪ್ಪು ಪುಡಿ, ಪೆನ್ಸಿಲ್ಲಿನ ಕಡ್ಡಿ ಅರೆದಿಟ್ಟ ಹಾಗೆ. ಬೆರಳಲ್ಲಿ ಹಿಡಿದರೆ ಮಾತ್ರ ಅದರ ಬುದ್ಧಿ ಗೊತ್ತಾಗುವುದು. ಎಣ್ಣೆ ಸವರಿದ ಬಾಳೆಲೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನದನ್ನು ಸುಮ್ಮನೆ ಮುಟ್ಟಿದರೆ ಹೇಗೆ ಹೊರಟುಹೋಗುತ್ತದೋ, ಇದರೊಳಗಿನ ಪದರಗಳೂ ಹಾಗೆಯೇ. ಎಣ್ಣೆ, ಗ್ರೀಸು ಕಾಯ್ದು ಸುಟ್ಟುಹೋಗುವಂಥ ಜಾಗದಲ್ಲೂ ಲೋಹದ ಮೇಲೆ ಲೋಹ ಉಜ್ಜದಂತೆ ಕಾಪಾಡುತ್ತದೆ. ಯಂತ್ರಗಳನ್ನು ಜಾರಿಸಲಿಕ್ಕೆ ಅಂತ ಮಾಡಿದ ಪುಡಿ. ಮನುಷ್ಯರನ್ನೂ ಜಾರಿಸುತ್ತದೆ ಅನ್ನುವುದನ್ನು ನಾವು ಪುಸ್ತಿಕೆಯಲ್ಲಿ ಬರೆದಿಲ್ಲ, ಅಷ್ಟೇ.

ಬಿಳಿಯಲ್ಲದ ಪೌಡರು

ಒಮ್ಮೆ ನವಿ ಮುಂಬಯಿಯ ಗಿರಾಕಿಯೊಬ್ಬರಿಗೆ ಸ್ಯಾಂಪಲ್ ಕೊಡಲು ಹೊರಟಿದ್ದೆ. ಡೊಂಬಿವಲಿಯಿಂದ ಠಾಣೆ ರೈಲು ನಿಲ್ದಾಣಕ್ಕೆ ಬಂದು ಅಲ್ಲಿ ಇನ್ನೊಂದು ಲೋಕಲ್ ಹಿಡಿಯಬೇಕು. ನಿಲ್ದಾಣದ ಸೇತುವೆಯ ಕೆಳಗೆ ಪೊಲೀಸರು ಬ್ಯಾಗು ನೋಡುತ್ತಿದ್ದರು. ನನ್ನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ಕೊಡೆ, ಮತ್ತೆ ಬೆಳ್ಳಿ ಬಣ್ಣದ ಎಂಟು ಪೊಟ್ಟಣ.

"ಹೇ ಕಾಯ್ ಆಹೇ?" ಇದೇನು ಅಂತ ಹವಾಲ್ದಾರರು ಒಂದು ಪೊಟ್ಟಣ ಎತ್ತಿ ಹಿಡಿದರು.

"ಪೌಡರ್" ಅಂದೆ.

ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ಕಸಲೀ ಪೌಡರ್?" ಎಂಥ ಪೌಡರ್ ಅಂದರು.

"ಮಾಲಿಬ್ಡಿನಮ್ ಡೈಸಲ್ಫೈಡ್."

ಹವಾಲ್ದಾರರು ಪಕ್ಕದವನ ಮುಖ ನೋಡಿದರು. ಇಷ್ಟು ದೊಡ್ಡ ಹೆಸರಿನ ಡ್ರಗ್ಸ್ ಇದುವರೆಗೆ ಸಿಕ್ಕಿರಲಿಲ್ಲ ಅನ್ನುವ ಭಾವ ಅವರ ಮುಖದಲ್ಲಿ ಕಂಡಿತು. ನನ್ನನ್ನು ಮರ್ಯಾದೆಯಿಂದಲೇ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮೇಜಿನ ಹಿಂದೆ ಇನ್‌ಸ್ಪೆಕ್ಟರು. ಅವರು ಪೊಟ್ಟಣ ಬಿಡಿಸಿ ನೋಡಿದರು. ಮುಖ ಸಪ್ಪೆಯಾಯಿತು.

"ಹೀ ತರ್ ಕಾಳೀ ಆಹೇ," ಇದು ಕಪ್ಪಗಿದೆಯಲ್ಲ ಅಂದರು.

ಹವಾಲ್ದಾರರು ಬಗ್ಗಿ, "ಸಾಹೇಬ್, ಭೇಸಳ್ ಅಸೇಲ್," ಕಲಬೆರಕೆ ಇರಬೇಕು ಅಂದರು.

ಇಷ್ಟು ವರ್ಷ ಈ ಪುಡಿಯ ಶುದ್ಧತೆಗಾಗಿ ಜೀವ ತೇಯ್ದವಳು ನಾನು. ಕಲಬೆರಕೆ ಅಂದದ್ದು ಎದೆಗೆ ನಾಟಿತು. ಮೇಜಿಗೆ ಕೈ ಬಡಿದು ಹೇಳಿದೆ, "ಏನು ಮಾತಾಡ್ತೀರಿ ಸಾಹೇಬರೇ? ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಶುದ್ಧ! ಇಡೀ ಠಾಣೆ ಜಿಲ್ಲೆಯಲ್ಲಿ ಇಂಥ ಮಾಲು ನಿಮಗೆ ಸಿಗುವುದಿಲ್ಲ!"

ನಾನು ಹೇಳಿದ್ದು ನನ್ನ ಕಿವಿಗೇ ಬಿದ್ದಾಗ ಮೇಜಿನ ಮೇಲಿಂದ ಕೈ ತೆಗೆದೆ.

ಇನ್‌ಸ್ಪೆಕ್ಟರು ನಿಧಾನವಾಗಿ ರಿಜಿಸ್ಟರು ತೆಗೆಯಲು ಡ್ರಾಯರು ಎಳೆದರು. ಅದು ಬರಲಿಲ್ಲ. ಕಾಲು ಕೊಟ್ಟು ಎಳೆದರೂ ಬರಲಿಲ್ಲ. ನನಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? "ಒಂದು ನಿಮಿಷ ಸಾಹೇಬರೇ" ಅಂದವಳೇ ಚಿಟಿಕೆ ಮೋಲಿಯನ್ನು ಡ್ರಾಯರಿನ ಎರಡೂ ಬದಿಯ ಪಟ್ಟಿಗೆ ಉಜ್ಜಿದೆ. "ಈಗ ಎಳೀರಿ. ಮೆಲ್ಲಗೆ" ಅಂದೆ. ಪೊಲೀಸರಿಗೆ ಮೆಲ್ಲಗೆ ಎಳೆದು ಅಭ್ಯಾಸ ಇಲ್ಲ. ಡ್ರಾಯರು ಪೂರ್ತಿ ಹೊರಗೆ ಬಂದು ರಿಜಿಸ್ಟರು, ಸ್ಟಾಂಪು, ಅರ್ಧ ತಿಂದ ವಡಾಪಾವು ಎಲ್ಲದರ ಸಮೇತ ಅವರ ತೊಡೆಯ ಮೇಲೆ ಕೂತಿತು.

ಕಂಪನಿಯ ಪತ್ರ ನೋಡಿ, ಮಾಲೀಕರಿಗೆ ಫೋನು ಮಾಡಿ ವಿಚಾರಿಸಿ ಬಿಟ್ಟರು. ನಾನು ಪ್ಲಾಟ್‌ಫಾರ್ಮಿಗೆ ಬಂದು ಉಸಿರು ಬಿಡುವಷ್ಟರಲ್ಲಿ ಹವಾಲ್ದಾರರು ಹಿಂದಿನಿಂದ ಓಡಿ ಬಂದರು. ಅವರು ಆಚೆ ನೋಡಿದರು, ಈಚೆ ನೋಡಿದರು, ಹತ್ತಿರ ಬಂದು ಪಿಸುಗುಟ್ಟಿದರು:

"ತಾಯಿ, ಹೆಂಡತಿಯ ಹೊಲಿಗೆ ಮಷೀನಿಗೆ... ಸ್ವಲ್ಪ ಮಾಲು ಸಿಗಬಹುದಾ?"

ಸದ್ದಡಗಿದ ಗೇಟು

ನಮ್ಮ ಹೌಸಿಂಗ್ ಸೊಸೈಟಿಯ ಗೇಟು ತೆರೆದರೆ ಪಕ್ಕದ ಮೂರು ಕಟ್ಟಡದವರು ಕಿಟಕಿಗೆ ಬರುತ್ತಿದ್ದರು. ಅಂಥ ಕಿರುಚಾಟ. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಅಂತ ಕರೆಯುವ ಸೆಕ್ರೆಟರಿ ಸಾಹೇಬರು ಒಂದು ಭಾನುವಾರ ಹಿಡಿದರು. "ವಹಿನಿ, ಚಂದ್ರಯಾನಕ್ಕೆ ಆಗುವಂಥ ಪುಡಿ ಮಾಡ್ತೀರಿ ಅಂತೀರಿ. ನಮ್ಮ ಗೇಟಿಗೆ ಏನಾದರೂ ಮಾಡಿ."

ಹೊಗಳಿಕೆಗೆ ನಾನು ಬೇಗ ಬೀಳುವವಳು. ಅರ್ಧ ಚಮಚ ಮೋಲಿಯನ್ನು ಎಣ್ಣೆಯಲ್ಲಿ ಕಲಸಿ ಗೇಟಿನ ಕೀಲುಗಳಿಗೆ ಹಚ್ಚಿದೆ. ನಾಲ್ಕು ಸಲ ತೆಗೆದು ಹಾಕಿದ ಮೇಲೆ ಗೇಟು ಬೆಕ್ಕಿನ ಹೆಜ್ಜೆಯಷ್ಟು ಮೌನವಾಯಿತು. ಎಲ್ಲರೂ ಬಂದು ತೆಗೆದು ನೋಡಿದರು, ಹಾಕಿ ನೋಡಿದರು. ನನಗೊಂದು ತೆಂಗಿನಕಾಯಿಯೂ ಸಿಕ್ಕಿತು.

ಮೂರು ದಿನ ಆಗಿರಲಿಲ್ಲ. ಎರಡನೆಯ ಮಹಡಿಯ ಹೆಂಗಸು ನನ್ನ ಬಳಿ ಮಾತು ಬಿಟ್ಟರು. ಸಂಜೆ ತಮ್ಮ ಅತ್ತೆ ದೇವಸ್ಥಾನದಿಂದ ಬರುವಾಗ ಗೇಟಿನ ಸದ್ದು ಕೇಳಿಯೇ ಅವರು ಸೀರಿಯಲ್ ಬಂದ್ ಮಾಡಿ ಸೌಟು ಹಿಡಿಯುತ್ತಿದ್ದದ್ದು. ಈಗ ಅತ್ತೆ ನೇರ ಸೋಫಾದ ಹಿಂದೆ ಬಂದು ನಿಂತರಂತೆ. ಆಮೇಲೆ ಮಕ್ಕಳ ಸರದಿ. ಅಪ್ಪ ಆಫೀಸಿನಿಂದ ಬಂದದ್ದು ಗೇಟಿನಿಂದ ಗೊತ್ತಾದರೆ ಮೊಬೈಲು ದಿಂಬಿನಡಿಗೆ, ಪುಸ್ತಕ ತೊಡೆಗೆ. ಒಂದೇ ವಾರದಲ್ಲಿ ನಮ್ಮ ವಿಂಗಿನಲ್ಲಿ ಐದು ಮೊಬೈಲು ಜಪ್ತಿಯಾದವು. ಮಕ್ಕಳು ಲಿಫ್ಟಿನಲ್ಲಿ ನನ್ನನ್ನು ಕಂಡರೆ ಇಳಿದು ಮೆಟ್ಟಿಲು ಹತ್ತತೊಡಗಿದರು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಗೇಟಿನ ಮೌನಕ್ಕೆ ಸಿಕ್ಕಿಬಿದ್ದವರಲ್ಲಿ ದೊಡ್ಡವರು ಸ್ವತಃ ಸೆಕ್ರೆಟರಿ ಸಾಹೇಬರೇ. ಅವರಿಗೆ ಸಕ್ಕರೆ ಕಾಯಿಲೆ. ಹೆಂಡತಿ ಮಧ್ಯಾಹ್ನ ಭಜನಾ ಮಂಡಳಿಗೆ ಹೋದ ಕೂಡಲೇ ನೆಲಮಹಡಿಯ ಬಾಲ್ಕನಿಯಲ್ಲಿ ಕೂತು ಜಿಲೇಬಿ ತಿನ್ನುವುದು ಅವರ ರೂಢಿ. ಗೇಟು ಕಿರುಚಿದರೆ ಪೊಟ್ಟಣ ತುಳಸಿ ಕುಂಡದ ಹಿಂದೆ ಹೋಗುತ್ತಿತ್ತು. ಆ ದಿನ ಗೇಟು ಏನೂ ಹೇಳಲಿಲ್ಲ. ತಲೆ ಎತ್ತಿದರೆ ಹೆಂಡತಿ ಎದುರಿಗೆ. ಇವರ ಬಾಯಲ್ಲಿ ಜಿಲೇಬಿಯ ಒಂದು ಸುತ್ತು, ಹೊರಗೆ ಎರಡು ಸುತ್ತು.

ಮಾರನೆಯ ಸಂಜೆಯೇ ತುರ್ತು ಮೀಟಿಂಗ್. "ಸುರಕ್ಷತೆಯ ದೃಷ್ಟಿಯಿಂದ ಗೇಟಿಗೆ ಸದ್ದು ಅಗತ್ಯ" ಅಂತ ಸೆಕ್ರೆಟರಿಯವರು ಠರಾವು ಮಂಡಿಸಿದರು. ಮಕ್ಕಳಿಗೆ ಮತ ಇಲ್ಲದಿದ್ದರೂ ಕೈ ಎತ್ತಿದರು.

"ವಹಿನಿ, ನೀವು ಹಚ್ಚಿದ್ದನ್ನು ನೀವೇ ತೆಗೀರಿ" ಅಂದರು.

"ತೆಗೀಲಿಕ್ಕೆ ಬರುವುದಿಲ್ಲ ಸಾಹೇಬರೇ, ಅದು ಕಬ್ಬಿಣದ ಮೇಲೆ ಪದರವಾಗಿ ಕೂತಾಗಿದೆ. ಇನ್ನು ಅದು ಗೇಟಿನದ್ದೇ."

ಕೊನೆಗೆ ಗೇಟಿಗೆ ಒಂದು ಹಿತ್ತಾಳೆಯ ಗಂಟೆ ಕಟ್ಟುವುದೆಂದು ತೀರ್ಮಾನವಾಯಿತು. ಈಗ ಯಾರು ಬಂದರೂ ಟಣಟಣ ಅನ್ನುತ್ತದೆ. ಸೆಕ್ರೆಟರಿಯವರ ಹೆಂಡತಿ ಮಾತ್ರ ಭಜನೆಯಿಂದ ವಾಪಸು ಬರುವಾಗ ಒಂದು ಕೈಯಲ್ಲಿ ಗೇಟು, ಇನ್ನೊಂದು ಕೈಯಲ್ಲಿ ಗಂಟೆಯ ನಾಲಿಗೆ ಗಟ್ಟಿಯಾಗಿ ಹಿಡಿದುಕೊಂಡೇ ಒಳಗೆ ಬರುತ್ತಾರೆ.

ಅರ್ಧ ಡಬ್ಬಿ ಗಾಳಿ

ಉಲ್ಹಾಸನಗರದಲ್ಲಿ ಗ್ರೀಸು, ಬೇರಿಂಗು ಮಾರುವ ಸೇಠ್‌ಜಿಯೊಬ್ಬರು ಮೊದಲಿನಿಂದ ನಮ್ಮ ಸಾದಾ ಮೋಲಿ ತರಿಸುತ್ತಿದ್ದರು. ಒಮ್ಮೆ ನ್ಯಾನೋ ಬೇಕೆಂದು ಒಂದು ಡಬ್ಬಿ ಕೊಂಡರು. ಮುಟ್ಟಿದ ದಿನವೇ ಫೋನು.

"ಮೇಡಂ, ಡಬ್ಬಾ ಆಧಾ ಖಾಲಿ ಹೈ. ಅರ್ಧ ಗಾಳಿ ತುಂಬಿ ಕಳಿಸಿದ್ದೀರಿ!"

ನ್ಯಾನೋ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ತುಂಬುವಾಗ ಅರಳಿದ ಹತ್ತಿಯ ಹಾಗೆ ಉಬ್ಬಿಕೊಂಡಿರುತ್ತದೆ. ಟೆಂಪೋದಲ್ಲಿ ಕುಲುಕಿ ಕುಲುಕಿ ಇಳಿದುಬಿಡುತ್ತದೆ. ಇದನ್ನು ಫೋನಿನಲ್ಲಿ ಹೇಳಿದರೆ ಕಥೆ ಕಟ್ಟುತ್ತಾಳೆ ಅಂದಾರೆಂದು ನಾನೇ ಅಂಗಡಿಗೆ ಹೋದೆ.

ಸೇಠ್‌ಜಿ ಇಸ್ತ್ರಿ ಮಾಡಿದ ಬಿಳಿ ಸಫಾರಿಯಲ್ಲಿ ಕೂತಿದ್ದರು. ತಕ್ಕಡಿಯಲ್ಲಿ ಇಟ್ಟು ತೋರಿಸಿದೆ, ತೂಕ ಗುಲಗಂಜಿಯಷ್ಟೂ ಕಡಿಮೆ ಇಲ್ಲ.

"ತೂಕ ಸರಿ ಇದೆ," ಅಂದರು, "ಆದರೆ ಮಾಲೆಲ್ಲಿ?"

"ತೂಕ ಮಾಲಿನದ್ದೇ ಅಲ್ಲವಾ ಸೇಠ್‌ಜಿ?"

"ಅಡಿಯಲ್ಲಿ ಏನಾದರೂ ಕಲ್ಲು ಹಾಕಿರಬಹುದು. ತಟ್ಟೆಗೆ ಸುರಿದು ನೋಡ್ತೇನೆ."

ತಲೆಯ ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ನಾನು ಅಭ್ಯಾಸಬಲದಿಂದ ಬ್ಯಾಗಿನಿಂದ ಮಾಸ್ಕ್, ಕನ್ನಡಕ ತೆಗೆದು ಹಾಕಿಕೊಂಡು, "ಫ್ಯಾನ್ ಬಂದ್ ಮಾಡಿ, ನೀವೂ ಮಾಸ್ಕ್ ಹಾಕಿ" ಅಂದೆ.

"ಈ ಸೆಖೆಯಲ್ಲಾ?" ಅಂದ ಸೇಠ್‌ಜಿ, ನನ್ನ ವೇಷ ನೋಡಿ ನಗುತ್ತಲೇ ಡಬ್ಬಿಯನ್ನು ಬೋರಲು ಹಾಕಿದರು.

ಅಂಗಡಿ ಕಾಣೆಯಾಯಿತು. ಒಂದು ಬೂದು ಮೋಡ, ಅದರೊಳಗಿಂದ ಕೆಮ್ಮು. ನಾನು ತಡವರಿಸಿಕೊಂಡು ಸ್ವಿಚ್ಚು ಹುಡುಕಿ ಫ್ಯಾನು ನಿಲ್ಲಿಸಿ, ಅವರ ಕೈ ಹಿಡಿದು ರಸ್ತೆಗೆ ಎಳೆದು ತಂದೆ. ಬಾಯಿ ಮುಕ್ಕಳಿಸಲು ನೀರು ಕೊಟ್ಟ ಮೇಲೆ ಕೆಮ್ಮು ನಿಂತಿತು. ಆದರೆ ಸೇಠ್‌ಜಿ ಇನ್ನೂ ಬಣ್ಣ ಬಳಿಯದ ಗಣಪತಿಯ ಹಾಗೆ ನಿಂತಿದ್ದರು. ತಲೆಯಿಂದ ಬೂಟಿನವರೆಗೆ ಒಂದೇ ಬೂದು, ನಡುವೆ ಎರಡು ಕಣ್ಣು. ಎದುರಂಗಡಿಯವರು ಕುರ್ಚಿ ತಂದು ಕೂತು ನೋಡುತ್ತಿದ್ದರು.

ಅಷ್ಟರಲ್ಲಿ ಅವರ ಮೊಬೈಲಿಗೆ ಹೆಂಡತಿಯ ವಿಡಿಯೋ ಕಾಲ್. ಸೇಠ್‌ಜಿ ಎತ್ತಿ ಮುಖದ ಎದುರು ಹಿಡಿದರು. ಆ ಕಡೆಯಿಂದ ಬಹಳ ವಿನಯದ ದನಿ:

"ಭಾಯಿಸಾಹೇಬ್, ಸ್ವಲ್ಪ ಸೇಠ್‌ಜಿಗೆ ಫೋನ್ ಕೊಡ್ತೀರಾ?"

ಶಹಾಡ್ ಮತ್ತು ಚಂದ್ರಲೋಕ

ಜುಲೈ ತಿಂಗಳು. ಶಹಾಡ್ ಸ್ಟೇಷನ್ನಿನ ಹತ್ತಿರದ ಕಾರ್ಖಾನೆಯೊಂದರ ಮೇಂಟೆನೆನ್ಸ್ ಇಂಜಿನಿಯರು ಕರೆಸಿದರು. ಧಾರವಾಡದ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಜಗಳ ಆಡಬಹುದೆಂಬ ಖುಷಿ ಅವರಿಗೆ.

"ಮೇಡಂ, ನಿಮ್ಮ ಪುಡಿ ಬ್ಯಾಸಿಗಿಯೊಳಗ ಭಾರಿ ಇತ್ತು. ಈಗ ಮಷೀನ್ ಮತ್ತ ಕಿರಿಕಿರಿ ಮಾಡಾಕತ್ತೈತಿ."

ನಾನು ವಿವರಿಸಿದೆ. ಒಣ ಮೋಲಿಗೆ ಗಾಳಿಯ ತೇವ ಆಗಿಬರುವುದಿಲ್ಲ. ಗಾಳಿಯೇ ಇಲ್ಲದ ಜಾಗದಲ್ಲಿ ಅದು ರಾಜನ ಹಾಗೆ ಕೆಲಸ ಮಾಡುತ್ತದೆ, ಉಪಗ್ರಹ, ಚಂದ್ರನ ನೌಕೆಗಳ ಕೀಲುಗಳಿಗೂ ಇದನ್ನೇ ಹಚ್ಚುತ್ತಾರೆ. ಮಳೆಗಾಲದ ಶಹಾಡ್ ಅಂದರೆ ಅದಕ್ಕೆ ಸ್ವಲ್ಪ ಕಷ್ಟ. ಗ್ರೀಸಿನಲ್ಲಿ ಕಲಸಿ ಹಚ್ಚಿದರೆ ಸರಿಹೋಗುತ್ತದೆ.

ಅವರು ಸೊಂಟಕ್ಕೆ ಕೈ ಕೊಟ್ಟು ನಿಂತರು. "ಅಲ್ರೀ ಮೇಡಂ, ಚಂದ್ರನ ಮ್ಯಾಲ ನಡೀತೈತಿ, ಶಹಾಡದಾಗ ನಡ್ಯಂಗಿಲ್ಲ ಅಂದ್ರ ಹೆಂಗ್ರೀ? ನಾ ಏನ್ ಮಷೀನ್ ತಗೊಂಡು ಅಲ್ಲಿಗೆ ಹೋಗ್ಲೇನ್ರೀ?"

ಗ್ರೀಸಿನಲ್ಲಿ ಕಲಸಿ ಹಚ್ಚಿದೆವು, ಮಷೀನು ಸುಮ್ಮನಾಯಿತು. ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ. ಹೊರಡುವಾಗ ರಿಜಿಸ್ಟರಿನಲ್ಲಿ ಸಹಿ ಮಾಡಲು ಹೋದರೆ, 'ಮಷೀನ್ ನಿಂತ ಕಾರಣ' ಅನ್ನುವ ಕಾಲಮಿನಲ್ಲಿ ದುಂಡಗೆ ಬರೆದಿದ್ದರು: 'ಭೂಮಿ.'

ಹೊಗೆ ಬಣ್ಣದ ಥಾನು

ಭಿವಂಡಿಯ ಪವರ್‌ಲೂಮ್ ಮಾಲೀಕರೊಬ್ಬರಿಗೆ ನಾನೇ ಹೋಗಿ ತೋರಿಸಿಕೊಟ್ಟಿದ್ದೆ, ಮಗ್ಗದ ಗೇರಿಗೆ ಇಷ್ಟೇ ಇಷ್ಟು ಹಚ್ಚಬೇಕು ಅಂತ. ಇಷ್ಟೇ ಇಷ್ಟು ಅನ್ನುವುದು ಮನುಷ್ಯನಿಂದ ಮನುಷ್ಯನಿಗೆ ಬೇರೆ. ಅವರು ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕಿದ್ದರು. ಮಗ್ಗ ಹಾಡುತ್ತ ಓಡಿತು. ಬಿಳಿ ಬಟ್ಟೆಯ ತುಂಬ ಬೂದು ಗೆರೆ.

"ಕಲ್ ಆವೋ, ಮೇಡಂ," ನಾಳೆ ಬನ್ನಿ ಅಂದರು ಫೋನಿನಲ್ಲಿ. ಬೇರೆ ಮಾತಿಲ್ಲ. ನಮ್ಮ ಮಾಲೀಕರು ನನ್ನನ್ನು ಕಳಿಸಿಕೊಡುವಾಗ, "ಏನಂದರೂ ಸುಮ್ಮನೆ ಕೇಳಿಕೊಂಡು ಬನ್ನಿ" ಅಂದರು, ಯುದ್ಧಕ್ಕೆ ಕಳಿಸುವವರ ಹಾಗೆ. ದಾರಿಯುದ್ದಕ್ಕೂ ರಿಕ್ಷಾದಲ್ಲಿ ಕ್ಷಮಾಪಣೆಯನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿದೆ.

ಹೋದರೆ ಅವರು ಎದ್ದು ಬಂದು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಖಾರಿ ಬಿಸ್ಕತ್ತೂ ಬಂತು. ನನಗೆ ಇನ್ನಷ್ಟು ಹೆದರಿಕೆಯಾಯಿತು. ಆಮೇಲೆ ಬಟ್ಟೆಯ ಥಾನಿನ ಸುರುಳಿ ಬಿಡಿಸಿ ಎದುರಿಗೆ ಹಾಸಿದರು.

"ಈ ಗೆರೆ ನೋಡಿ."

"ತಪ್ಪಾಯಿತು ಭಾಯಿ, ನಾವು..."

"ಒಬ್ಬ ವ್ಯಾಪಾರಿ ಬಂದಿದ್ದ. ಇದಕ್ಕೆ 'ಧುವಾಂ ಶೇಡ್' ಅಂತ ಹೆಸರಿಟ್ಟ. ಹೊಗೆಯ ಹಾಗಿದೆಯಂತೆ. ಇದೊಂದು ಬಿಟ್ಟು ಇದ್ದದ್ದೆಲ್ಲ ಒಯ್ದ, ಇನ್ನೂ ಬೇಕು ಅಂತಾನೆ. ಈಗ ಹೇಳಿ, ಒಂದು ಥಾನಿಗೆ ಎಷ್ಟು ಚಮಚ ಹಾಕಬೇಕು?"

ಇದು ಬಣ್ಣ ಅಲ್ಲ, ಯಂತ್ರಕ್ಕೆ ಹಚ್ಚುವ ಪುಡಿ, ಗೆರೆ ಪ್ರತಿ ಸಲ ಹಾಗೇ ಬರುತ್ತದೆ ಅಂತ ಹೇಳಲಾಗುವುದಿಲ್ಲ, ತೊಟ್ಟವರ ಮೈಗೂ ಹತ್ತುತ್ತದೆ ಅಂತೆಲ್ಲ ಅರ್ಧ ಗಂಟೆ ಹೇಳಿ, ಬಟ್ಟೆಗೆ ಹಾಕದಂತೆ ಮಾತು ತೆಗೆದುಕೊಂಡೆ. ಅವರು ತಲೆಯಾಡಿಸಿದರು, ಆದರೆ ನನ್ನನ್ನು ನೋಡಿದ ರೀತಿಯಲ್ಲಿ ಅಪಾರ ಕನಿಕರ ಇತ್ತು. ಹೊರಗೆ ಬಿಡಲು ಬಂದಾಗ ಅದು ಬಾಯಿಗೂ ಬಂತು.

"ನೀವು ಓದಿದವರು ಮೇಡಂ. ಆದರೆ ಇಷ್ಟು ಚಂದದ ಬಣ್ಣವನ್ನು ಗೇರಿಗೆ ಹಚ್ಚಿ ಅಂತ ಮಾರ್ತೀರಲ್ಲ, ನಿಮಗೆ ಧಂಧೆ ಬರುವುದಿಲ್ಲ."

ಸ್ವಾಗತ ಸಮಾರಂಭ

ಇದನ್ನು ನೆನೆದರೆ ಇವತ್ತಿಗೂ ನನಗೆ ಲೋಕಲಿನಲ್ಲಿ ನಗು ಬಂದು, ಪಕ್ಕದವರು ಸರಿದು ಕೂರುತ್ತಾರೆ. ಅಂದು ಮಾತ್ರ ನಗುವ ಸ್ಥಿತಿ ಇರಲಿಲ್ಲ.

ನ್ಯಾನೋ ಮಾಡುವ ವಿಭಾಗವನ್ನು ಮುಚ್ಚುವ ಮಾತು ನಡೆದಿತ್ತು. ನಮ್ಮ ಮಾಲೀಕರು ಒಳ್ಳೆಯವರು, ಆದರೆ ದಪ್ಪ ಶರೀರ, ಸಣ್ಣ ಧೈರ್ಯ. "ನವಿ ಮುಂಬಯಿಯ ಆ ದೊಡ್ಡ ಕಂಪನಿಯ ಆರ್ಡರು ಬಂದರೆ ಸರಿ. ಇಲ್ಲದಿದ್ದರೆ ದೀಪಾವಳಿಗೆ ನ್ಯಾನೋ ಬಂದ್" ಅಂದುಬಿಟ್ಟಿದ್ದರು. ಆ ವಿಭಾಗ ಅಂದರೆ ನಾನು ಮತ್ತು ನಾಲ್ಕು ಜನ ಕೆಲಸಗಾರರು. ನಾಲ್ವರೂ ದಿನಾ ನನ್ನ ಮುಖ ನೋಡುತ್ತಿದ್ದರು.

ಆ ದೊಡ್ಡ ಕಂಪನಿಯ ಕ್ವಾಲಿಟಿ ಮುಖ್ಯಸ್ಥರು ಎಂಟು ತಿಂಗಳಿಂದ ನನ್ನ ನಿದ್ದೆ ಕೆಡಿಸಿದ್ದರು. ಯಾವ ಸ್ಯಾಂಪಲ್ ಕಳಿಸಿದರೂ ವಾಪಸು. ಮೂರೇ ಸಾಲಿನ ಇಂಗ್ಲಿಷ್ ಮೇಲ್. ಕಣದ ಗಾತ್ರ ಸರಿಯಿಲ್ಲ, ವರದಿ ನಂಬುವಂತಿಲ್ಲ, ಮತ್ತೆ ಕಳಿಸಿ. ಒಮ್ಮೆಯೂ ಒಂದು 'ನಮಸ್ಕಾರ' ಇಲ್ಲ. ಅಂಥವರು ಒಂದು ಗುರುವಾರ ತಾವೇ ಲ್ಯಾಬು ನೋಡಲು ಬರುತ್ತೇವೆಂದು ತಿಳಿಸಿದರು.

ಅವರು ಬರುವ ಒಂದು ಗಂಟೆ ಮುಂಚೆ ನನ್ನ ಕೈತಪ್ಪಿ ಒಂದು ಡಬ್ಬಿ ಬಿತ್ತು. ಬಾಗಿಲಿನಿಂದ ತಕ್ಕಡಿಯ ಮೇಜಿನವರೆಗೆ ಮೋಲಿ. ಕ್ರಮದ ಪ್ರಕಾರ ವ್ಯಾಕ್ಯೂಮ್ ಮಷೀನಿನಲ್ಲಿ ಎಳೆಯಬೇಕು. ಅದನ್ನು ಮಾಲೀಕರು ತಮ್ಮ ಕ್ಯಾಬಿನ್ನಿನ ಸೋಫಾ ಚೊಕ್ಕ ಮಾಡಲು ಒಯ್ದು ಕೆಡಿಸಿ ಇಟ್ಟಿದ್ದರು. ಅಷ್ಟರಲ್ಲಿ ಗುಡಿಸಿ ಒರೆಸುವ ಮಾವಶಿ ಬಕೆಟ್ಟು ಹಿಡಿದು ಬಂದರು. ನೀರು ಬಿದ್ದರೆ ನೆಲವೆಲ್ಲ ಕಪ್ಪು ಕೆಸರಾಗಿ ಸಾಹೇಬರ ಕಣ್ಣಿಗೆ ಬೀಳುತ್ತದೆಂದು ನಾನು ಕೂಗಿದೆ, "ಮಾವಶಿ, ಪಾಣಿ ನಕೋ! ಮಾಸ್ಕ್ ಹಾಕಿಕೊಂಡು ಮೆಲ್ಲಗೆ ಬಾಚಿ ತೆಗೀರಿ, ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ!"

ಮೋಲಿಯನ್ನು ಒಣದಾಗಿ ಉಜ್ಜಿದಷ್ಟೂ ಅದು ಗಟ್ಟಿ ಪದರವಾಗಿ ಕೂತು ಜಾರುತ್ತದೆ ಅನ್ನುವುದು ನಮ್ಮ ಪುಸ್ತಿಕೆಯ ಮೊದಲನೆಯ ಪುಟದಲ್ಲಿದೆ. ಬರೆದವಳು ನಾನೇ. ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಅಂದರೆ ನೀವು ನಂಬಬೇಕು.

ಮಾವಶಿ ಕೆಲಸದಲ್ಲಿ ನಿಷ್ಠೆಯವರು. ಒಳಗಿನಿಂದ ಶುರುಮಾಡಿ, ಮಂಡಿಯೂರಿ, ಮುಕ್ಕಾಲು ಗಂಟೆ ಉಜ್ಜುತ್ತ ಉಜ್ಜುತ್ತ ಹಿಂದಕ್ಕೆ ಸರಿದು ಬಾಗಿಲಿನಿಂದ ಹೊರಬಂದರು. ಹಾಗಾಗಿ ಉಜ್ಜಿದ ನೆಲದ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. "ಬಘಾ ಮ್ಯಾಡಂ, ಆರಸಾ!" ಕನ್ನಡಿ ನೋಡಿ ಅಂದರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಟ್ಯೂಬ್‌ಲೈಟು ನೆಲದಲ್ಲಿ ಫಳಫಳ ಹೊಳೆಯುತ್ತಿತ್ತು. ಮಾವಶಿಯ ಬೆನ್ನು ತಟ್ಟಿದೆ.

ಸಾಹೇಬರು ಬಂದರು. ಐವತ್ತರ ಆಸುಪಾಸು, ಟೈ, ನಗದ ಮುಖ, ಹಿಂದೆ ಇಬ್ಬರು ಸಹಾಯಕರು. ನಮ್ಮ ಮಾಲೀಕರು ಹೂಗುಚ್ಛ ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೈ ಮುಗಿದು, ಅತಿಥಿಗೆ ಬೆನ್ನು ತೋರಿಸಬಾರದೆಂದು ಹಿಂದೆ ಹಿಂದೆ ನಡೆಯುತ್ತ, "ವೆಲ್‌ಕಮ್ ಸರ್, ಪ್ಲೀಸ್ ಕಮ್" ಅನ್ನುತ್ತ ಲ್ಯಾಬಿನ ಹೊಸ್ತಿಲು ದಾಟಿದರು.

ಮುಂದಿನದು ಒಂದೇ ಕ್ಷಣದಲ್ಲಿ ಆಯಿತು. ಮಾಲೀಕರ ಕಾಲು ಸಾಹೇಬರ ಕಡೆ ಬಂತು, ಮಾಲೀಕರು ಆ ಕಡೆ ಹೋದರು. ಕೂತ ಭಂಗಿಯಲ್ಲಿ, ಮುಗಿದ ಕೈ ಬಿಡದೆ, ನಗುಮುಖ ಕೂಡ ಬಿಡದೆ, ಲ್ಯಾಬಿನ ಉದ್ದಕ್ಕೂ ಹಿಂದಕ್ಕೆ ಸಾಗಿ ತಕ್ಕಡಿಯ ಮೇಜಿನ ಕಾಲಿಗೆ ತಾಗಿ ನಿಂತರು. ಉತ್ಸವಮೂರ್ತಿ ಸ್ವಸ್ಥಾನಕ್ಕೆ ಹೋದ ಹಾಗೆ. ಹೂಗುಚ್ಛ ಮಾತ್ರ ಬಾಗಿಲಲ್ಲೇ ಉಳಿಯಿತು.

ಸಾಹೇಬರು ಸಹಾಯ ಮಾಡಲು ಮುಂದೆ ಬಂದರು. ಒಂದೇ ಹೆಜ್ಜೆ.

"ಅಯ್ಯಯ್ಯೋ! ಬಿದ್ನಲ್ಲಪ್ಪೋ!"

ಎಂಟು ತಿಂಗಳ ಇಂಗ್ಲಿಷು ಆ ಒಂದು ಹೆಜ್ಜೆಯಲ್ಲಿ ಉದುರಿಹೋಯಿತು. ಅವರೂ ಜಾರಿ ಹೋಗಿ ಮಾಲೀಕರ ಹೊಟ್ಟೆಗೆ ತಾಗಿ ನಿಂತರು. ಮೆತ್ತಗಿನ ಜಾಗ, ಪೆಟ್ಟಾಗಲಿಲ್ಲ.

ಪುಡಿಯ ಗುಣ ಎಲ್ಲರಿಗಿಂತ ಚೆನ್ನಾಗಿ ತಿಳಿದ ನಾನು ಏನು ಮಾಡಬೇಕಿತ್ತು? ಬಾಗಿಲಲ್ಲೇ ನಿಲ್ಲಬೇಕಿತ್ತು. ಓಡಿದೆ. ದುಪಟ್ಟಾ ಒಂದು ಕಡೆ, ಚಪ್ಪಲಿ ಒಂದು ಕಡೆ, ನಾನು ಮಂಡಿಯ ಮೇಲೆ ಜಾರುತ್ತ ಹೋಗಿ ಅವರಿಬ್ಬರನ್ನೂ ಸೇರಿಕೊಂಡೆ. ಸಹಾಯಕರಿಬ್ಬರು ಬಾಗಿಲ ಚೌಕಟ್ಟನ್ನೂ ಒಬ್ಬರನ್ನೊಬ್ಬರನ್ನೂ ಅಪ್ಪಿಹಿಡಿದು ನಿಂತಿದ್ದರು. ಅವರ ಹಿಂದಿನಿಂದ ಮಾವಶಿಯ ಕೂಗು, "ಆತ್ ಜಾವೂ ನಕಾ! ಡಾಗ್ ಪಡತೀಲ್!" ಒಳಗೆ ಹೋಗಬೇಡಿ, ನೆಲ ಕಲೆಯಾಗುತ್ತದೆ.

ನಾನು ನೆಲದ ಮೇಲೆ ಕೂತೇ ಕೇಳಿದೆ, "ಸರ್, ನೀವು ಕನ್ನಡದವರಾ?"

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ದಿಟ್ಟಿಸಿದರು. "ಮೈಸೂರು ಕಣಮ್ಮ. ನೀವು?"

"ಉಡುಪಿ ಸರ್."

"ಅಲ್ರೀ, ಎಂಟು ತಿಂಗಳಿಂದ ಇಂಗ್ಲಿಷಲ್ಲಿ ಹೊಡೆದಾಡ್ತಾ ಇದ್ವಲ್ಲ! ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಬೀಳದೆ ನಮಗೆ ಹೇಗೆ ಗೊತ್ತಾಗಬೇಕು ಸರ್?"

ನಡುವೆ ಸಿಕ್ಕಿಕೊಂಡಿದ್ದ ನಮ್ಮ ಮಾಲೀಕರು ಒಂದಕ್ಷರ ಅರ್ಥವಾಗದೆ ಬೆವರುತ್ತಿದ್ದರು. ನನ್ನ ಕಿವಿಯ ಹತ್ತಿರ ಬಂದು, "ಕ್ಯಾ ಬೋಲ್ ರಹೇ ಹೈಂ? ಕೇಸ್ ಕರೇಂಗೇ ಕ್ಯಾ?" ಏನಂತಾರೆ, ಕೇಸು ಹಾಕುತ್ತಾರಾ ಅಂದರು.

ಸಾಹೇಬರು ಏಳಲು ನೋಡಿದರು, ಜಾರಿದರು. ಮತ್ತೆ ಎದ್ದರು, ಈ ಸಲ ಮಾಲೀಕರ ಭುಜ ಹಿಡಿದು. ಇಬ್ಬರೂ ಒಟ್ಟಿಗೆ ಕೂತರು. ಮೂರನೆಯ ಸಲ ಅವರು ಏಳುವ ಯೋಚನೆಯನ್ನೇ ಬಿಟ್ಟರು. ಅಂಗೈಯನ್ನು ನೆಲದ ಮೇಲೆ ಸವರಿದರು, ಬೆರಳು ಉಜ್ಜಿ ನೋಡಿದರು. ಆ ನಗದ ಮುಖದ ಒಂದು ಮೂಲೆ ಅಲುಗಿತು, ಆಮೇಲೆ ಇನ್ನೊಂದು. ಆಮೇಲೆ ಅವರು ನಗುತ್ತ ನಗುತ್ತ ಟೈಯಿಂದ ಕಣ್ಣೊರೆಸಿಕೊಂಡರು.

"ಜಾರುತ್ತೆ ಅಂತ ವರದೀಲಿ ಬರೆದಿದ್ರಿ. ನಾನು ನಂಬಿರಲಿಲ್ಲ ನೋಡಿ" ಅಂದರು.

ಮಾವಶಿ ಗೋಣಿಚೀಲ ಹಾಸಿಕೊಟ್ಟ ದಾರಿಯಲ್ಲಿ ನಾವು ಮೂವರೂ ಅಂಬೆಗಾಲಿಕ್ಕುತ್ತ ಹೊರಬಂದೆವು. ಮೊದಲು ಅತಿಥಿ, ಆಮೇಲೆ ಮಾಲೀಕರು, ಕೊನೆಗೆ ನಾನು.

ಮರುದಿನ ಮೇಲ್ ಬಂತು. ಎಂದಿನಂತೆ ಮೂರೇ ಸಾಲು. ಮೊದಲನೆಯದು ಇಂಗ್ಲಿಷಿನಲ್ಲಿ, ಸ್ಯಾಂಪಲ್ ಒಪ್ಪಿಗೆಯಾಗಿದೆ, ಆರ್ಡರು ಕಳಿಸುತ್ತಿದ್ದೇವೆ ಅಂತ. ಎರಡನೆಯದೂ ಇಂಗ್ಲಿಷಿನಲ್ಲಿ, ಪರೀಕ್ಷೆಯನ್ನು ಖುದ್ದಾಗಿ ನಡೆಸಲಾಗಿದೆ ಅಂತ. ಮೂರನೆಯ ಸಾಲು ಮಾತ್ರ ಕನ್ನಡದಲ್ಲಿ: 'ಇನ್ನು ಮುಂದೆ ಮಾಲು ನಮ್ಮ ಹತ್ತಿರ ಬರಲಿ. ನಾವು ಮಾಲಿನ ಹತ್ತಿರ ಬರುವುದಿಲ್ಲ.'

ನಾಲ್ವರು ಕೆಲಸಗಾರರಿಗೆ ಸುದ್ದಿ ಹೇಳಿ ಬಂದಾಗ ಮಾಲೀಕರು ಕಂಪ್ಯೂಟರಿನ ಎದುರು ಕೂತು, ಆ ಗುಂಡಗಿನ ಅಕ್ಷರಗಳನ್ನು ಭಕ್ತಿಯಿಂದ ನೋಡುತ್ತಿದ್ದರು. "ಇದೇನು ಬರೆದಿದ್ದಾರೆ?" ಅಂತ ಕೇಳಿದರು.

ನನ್ನ ನಾಲಿಗೆ ಜಾರಿತು. "ನಿಮ್ಮ ಕಂಪನಿಗೆ ಆಶೀರ್ವಾದ ಮಾಡಿದ್ದಾರೆ ಸರ್. ಹಳೆಯ ಶ್ಲೋಕ" ಅಂದೆ.

ಆ ಸಾಲಿಗೆ ಚೌಕಟ್ಟು ಹಾಕಿಸಿ ಕ್ಯಾಬಿನ್ನಿನಲ್ಲಿ ಲಕ್ಷ್ಮೀ ಪಟದ ಪಕ್ಕದಲ್ಲಿ ತೂಗುಹಾಕಿದ್ದಾರೆ. ದಿನಾ ಬೆಳಿಗ್ಗೆ ಬಂದು ಮೊದಲು ಅದಕ್ಕೆ ಊದುಬತ್ತಿ ಹಚ್ಚಿ ಕೈ ಮುಗಿಯುತ್ತಾರೆ. ಕಳೆದ ವಾರವಷ್ಟೇ ಕರೆದು ಹೇಳಿದರು, ಮಗಳ ಮದುವೆಯ ಕರೆಯೋಲೆಯ ಮೇಲ್ಗಡೆ ಅದೇ ಶ್ಲೋಕ ಅಚ್ಚು ಹಾಕಿಸುತ್ತಾರಂತೆ.